ಐವತ್ತು ಹಲ್ಲಿನ ಚಕ್ರ, ಸಾವಿರ ಸುತ್ತು

ಆಗ ನನಗೆ ಎಪ್ಪತ್ತೊಂದು. ಮೂರು ವರ್ಷದ ಹಿಂದಿನ ಮಾತು. ಇವತ್ತು ಯಾಕೆ ನೆನಪಾಯ್ತು ಅಂದ್ರೆ, ಬೆಳಿಗ್ಗೆ ಸಿಲಿಂಡರ್ ಇಳಿಸೋಕೆ ಅಡುಗೆಮನೆಗೆ ಬಂದ ಗ್ಯಾಸಿನವನು ನಮ್ಮ ಸಾರಿನ ಪಾತ್ರೆ ಅಡಿ ಇದ್ದದ್ದನ್ನ ನೋಡಿ ಕೈ ಮುಗಿದುಬಿಟ್ಟ. "ಏನಜ್ಜಿ, ವಿಷ್ಣು ಚಕ್ರದ ಮೇಲೆ ಸೊಪ್ಪಿನ್ ಸಾರು ಇಟ್ಟಿದ್ದೀರಾ?" ಅಂದ. ವಿಷ್ಣು ಚಕ್ರ ಅಲ್ಲಪ್ಪ, ಬೈಕಿನ ಹಿಂದಿನ ಗಾಲಿ ಪಕ್ಕದಲ್ಲಿ ಚೈನು ಕೂರೋ ಹಲ್ಲಿನ ಚಕ್ರ ಅದು, ಸ್ಪ್ರಾಕೆಟ್ ಅಂತಾರೆ, ಐವತ್ತು ಹಲ್ಲು ಅಂದೆ. "ಬೈಕ್ ಯಾರ್‌ದು?" ಅಂದ. ಬೈಕು ಮೊಮ್ಮಗಳದು, ಚಕ್ರ ನಂದು ಅಂದೆ. ನಕ್ಕೊಂಡು ಹೋದ. ಅವನು ನಗಲಿ, ಅವನಿಗೆ ಇನ್ನೂ ಹತ್ತು ಮನೆ ಇದೆ. ನಿಮಗೇನು ಅವಸರ, ಕೂತ್ಕೊಂಡು ಕೇಳಿ.

ನಮ್ಮದು ಬಾಗಲೂರು ಪಕ್ಕದ ಹಳ್ಳಿ. ಹಳ್ಳಿ ಅಂತ ಬಾಯಲ್ಲಿ ಅನ್ನೋದು ಅಷ್ಟೆ, ರಾಗಿ ಬೆಳೀತಿದ್ದ ಕಡೆಯೆಲ್ಲ ಈಗ ಗೋಡೌನು. ವಿಮಾನ ನಮ್ಮ ತಲೆ ಮೇಲೇ ಇಳಿಯುತ್ತೆ. ಬಟ್ಟೆ ಒಣಗಿ ಹಾಕ್ತಾ ಅದರ ಗಾಲಿ ಹೊರಗೆ ಬರೋದನ್ನ ನೋಡಬಹುದು. ನನ್ನ ಓದು ಎರಡನೇ ಕ್ಲಾಸು. ಅಕ್ಷರ ಕೂಡಿಸಿ ಕೂಡಿಸಿ ಬರೀತೀನಿ, ಮೊಮ್ಮಗಳು ಚೈತ್ರ ಕಾಗುಣಿತ ತಿದ್ದಿ ಕೊಡ್ತಾಳೆ. ಮಾತು ತಿದ್ದೋಕೆ ಬಂದ್ರೆ ಕೈ ಮೇಲೆ ಒಂದು ಬಿಡ್ತೀನಿ. ಅಂಕಿ ವಿಷಯದಲ್ಲಿ ಮಾತ್ರ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಂಡ ಹೋದ ಮೇಲೆ ಮೂವತ್ತು ವರ್ಷ ರಾಗಿ ಮಿಲ್ಲು ನಡೆಸಿದವಳು ನಾನು. ಮಿಲ್ಲಿನ ಬೀಗದ ಕೈ ನನ್ನ ಸೊಂಟದಲ್ಲಿ, ತಾಳಿ ಬಿಚ್ಚಿದ ಮೇಲೆ ಮೈ ಮೇಲೆ ಉಳಿದ ಭಾರ ಅದೊಂದೇ. ಹತ್ತು ಸೇರು ತಂದವರಿಗೆ ಹತ್ತು ಸೇರಿನ ಹಿಟ್ಟು, ಮೇಲೊಂದು ಹಿಡಿ ಕೊಸರು. ಕಮ್ಮಿ ಕೊಟ್ಟಳು ಅಂತ ನನ್ನ ಮಿಲ್ಲಿನ ಮುಂದೆ ಯಾರೂ ಬಾಯಿ ಮಾಡಿಲ್ಲ. ಕೊಟ್ಟದ್ದು ಬಿಸಿಯಾಗಿದೆ ಅಂತ ಮಾಡಿದ್ದಾರೆ, ಅದು ಬೇರೆ.

ಹೀಗಿರೋವಾಗ ಎರಡು ಕಣ್ಣಿಗೂ ಪೊರೆ ಬಂತು. ಎಡಗಣ್ಣಂತೂ ಹಾಲು ಚೆಲ್ಲಿದ ಹಾಗೆ. ಒಂದು ದಿನ ರಾಗಿ ಚೀಲ ಎತ್ತಿ ಮಿಷಿನ್ನಿನ ಬಾಯಿಗೆ ಸುರಿದೆ ಅಂದ್ಕೊಂಡೆ, ಅರ್ಧ ಚೀಲ ಹೊರಗೆ. ಇನ್ನೊಂದು ದಿನ ಸೆರಗು ಬೆಲ್ಟಿಗೆ ಎರಡು ಬೆರಳಷ್ಟು ಹತ್ತಿರ ಹೋಗಿತ್ತು, ನನಗೆ ಒಂದು ಮೊಳ ದೂರ ಇದೆ ಅಂತ ಕಾಣಿಸ್ತು. ಮಗಳು ಲಕ್ಷ್ಮಿ ಅದನ್ನ ನೋಡಿ ಮೋಟರ್ ಆರಿಸಿ, ಕೈ ಚಾಚಿದಳು.

"ಅಮ್ಮಾ, ಎರಡು ಕಣ್ಣೂ ಸರಿಯಾಗ್ಬೇಕು. ಇಲ್ಲಾಂದ್ರೆ ಬೀಗದ ಕೈ ನನಗೆ ಕೊಡು. ನಿನ್ನ ಕೈ ತುಂಡಾದ್ಮೇಲೆ ನೋಡ್ಕೊಳ್ಳೋಳು ನಾನೇ ತಾನೆ?"

ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದಕ್ಕೇ ಸಿಟ್ಟು ಬಂತು. ಬೀಗದ ಕೈ ಕೊಡಲಿಲ್ಲ. ಸೀದಾ ಮಾರಮ್ಮನ ಗುಡಿಗೆ ಹೋಗಿ, "ಎರಡೂ ಕಣ್ಣು ಕೊಡು, ಸಾವಿರ ಸುತ್ತು ಬರ್ತೀನಿ" ಅಂದುಬಿಟ್ಟೆ. ನೂರು ಅಂದಿದ್ರೂ ಅವಳು ಒಪ್ತಿದ್ದಳೇನೋ. ಸಿಟ್ಟಿನಲ್ಲಿ ಹರಕೆ ಹೊರಬಾರದು, ಬಾಯಿಗೆ ದೊಡ್ಡ ಅಂಕಿನೇ ಬರುತ್ತೆ.

ಹೆಬ್ಬಾಳದ ಆಸ್ಪತ್ರೇಲಿ ಬಲಗಣ್ಣು ಮೊದಲು ಮಾಡಿದ್ರು. ಚೆನ್ನಾಗಿ ಕಾಣಿಸ್ತು. ಎಡಗಣ್ಣಿಗೆ ಮೂರು ತಿಂಗಳ ಆಚೆ ಒಂದು ಸೋಮವಾರ ಕೊಟ್ರು. ಅಷ್ಟರೊಳಗೆ ಸಾವಿರ ಮುಗಿಸಿಬಿಡಬೇಕು ಅಂತ ಮಾರನೆ ವಾರ ಶುರು ಮಾಡಿದೆ. ಮೊದಲನೇ ದಿನ ನಾಲ್ಕು ಸುತ್ತಿಗೆ ಮಂಡಿ ಕೈ ಕೊಟ್ಟಿತು. ಮಂಡಿಗೂ ಸೇರಿಸಿ ಹರಕೆ ಹೊರಬೇಕಿತ್ತು, ಹೊಳೀಲಿಲ್ಲ.

ಪೂಜಾರಿ ನಂಜಪ್ಪನ ಕೇಳಿದೆ. "ಹೊಸ ಲಾರಿ ಬಂದ್ರೆ ಗುಡಿ ಸುತ್ತ ಮೂರು ಸುತ್ತು ಹೊಡೆಸ್ತೀಯಲ್ಲ. ಅದರ ಒಳಗೆ ಕೂತಿರೋ ಡ್ರೈವರ್‌ಗೆ ಪುಣ್ಯ ಬರುತ್ತೋ ಇಲ್ವೋ?"

"ಬರುತ್ತೆ" ಅಂದ. "ಅವನೂ ಸುತ್ತಿದಂಗೇ ತಾನೆ?"

"ಅಂಗಾದ್ರೆ ನಾನು ಬೈಕಲ್ಲಿ ಸುತ್ತೀನಿ."

ನಂಜಪ್ಪ ಆಗ್ಲಿ ಅಂತ ತಲೆ ಆಡಿಸಿದ. ಅವರ ಮನೆ ರಾಗಿಯೂ ನಮ್ಮ ಮಿಲ್ಲಿಗೇ ಬರೋದು.

ಮನೇಲಿ ಇದ್ದದ್ದು ಒಂದೇ ಬೈಕು, ಚೈತ್ರನದು. ಅವಳು ಲಕ್ಷ್ಮಿಯ ಮಗಳು. ಏರ್‌ಪೋರ್ಟಿನ ಕಾರ್ಗೋ ಗೋಡೌನಲ್ಲಿ ಫೋರ್ಕ್‌ಲಿಫ್ಟ್ ಓಡಿಸ್ತಾಳೆ, ಗಂಡಸರು ಹಿಂದೆ ಮುಂದೆ ನೋಡೋ ಭಾರನ ಎರಡು ಬೆರಳಲ್ಲಿ ಎತ್ತಿ ಇಡ್ತಾಳೆ. ಆ ಬೈಕನ್ನ ಸೆಕೆಂಡ್‌ಹ್ಯಾಂಡಲ್ಲಿ ತಗೊಂಡಿದ್ದು, ಹಳ್ಳ ದಿಣ್ಣೆ ಹಾರಿಸೋ ಜಾತಿದು. ಮುಂದಿನ ಗಾಲಿ ಇಪ್ಪತ್ತೊಂದು ಇಂಚು. ಸೀಟು ನನ್ನ ಎದೆ ಮಟ್ಟಕ್ಕೆ. ಗುಡಿ ಮುಂದಿನ ಬೇವಿನಮರದ ಕಟ್ಟೆ ಹತ್ತಿ, ಅಲ್ಲಿಂದ ಕಾಲು ದಾಟಿಸಿ ಕೂರಬೇಕು. ಎಮ್ಮೆ ಮೇಲೆ ಕೂತು ಬೆಳೆದವಳು ನಾನು, ಎತ್ತರ ಹೊಸದಲ್ಲ. ಎಮ್ಮೆಗೆ ಸೈಲೆನ್ಸರ್ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಒಂದು ವಾರದೊಳಗೆ ಬಲಗಾಲಿನ ಮೀನಖಂಡಕ್ಕೆ ಬರೆ ಬಿತ್ತು.

ಲೆಕ್ಕಕ್ಕೆ ಮೊದಲು ಹುಣಸೆ ಬೀಜ ಇಟ್ಕೊಂಡಿದ್ದೆ. ಒಂದು ಸುತ್ತಿಗೆ ಒಂದು ಬೀಜ ಎಡಗೈಯಿಂದ ಬಲಗೈಗೆ. ನಮ್ಮ ಕಾಲದಲ್ಲಿ ಹುಣಸೆ ಬೀಜದಲ್ಲೇ ಎಲ್ಲ. ಅರ್ಧಕ್ಕೆ ತೇದು ಚೌಕಾಬಾರ ಆಡ್ತಿದ್ವಿ, ಹುರಿದು ದವಡೇಲಿ ಇಟ್ಕೊಂಡು ಸಂಜೆತನಕ ಜಗೀತಿದ್ವಿ. ಆದ್ರೆ ಬೈಕಿನ ಮೇಲೆ ಎರಡು ಕೈಯೂ ಚೈತ್ರನ ಸೊಂಟಕ್ಕೆ ಬೇಕು. ಮೊದಲ ದಿನವೇ ಬೀಜ ಎಲ್ಲ ಚೆಲ್ಲಿಹೋಯ್ತು.

"ಅಜ್ಜೀ, ಬೀಜ ಯಾಕೆ, ಮೀಟರ್ ಇದೆಯಲ್ಲ" ಅಂದಳು ಚೈತ್ರ. ಗುಡಿ, ಬೇವಿನಮರ, ನೀರಿನ ಟ್ಯಾಂಕು, ಅಂಗನವಾಡಿ ಎಲ್ಲ ಸೇರಿಸಿ ಒಂದು ಸುತ್ತು. ಹತ್ತು ಸುತ್ತು ಹೊಡೆದು ನೋಡಿದ್ವಿ, ಮೀಟರಿನಲ್ಲಿ ಸರಿಯಾಗಿ ಒಂದು ಕಿಲೋಮೀಟರ್. ಅಂದ್ರೆ ಸಾವಿರ ಸುತ್ತಿಗೆ ನೂರು ಕಿಲೋಮೀಟರ್. ಮಾರಮ್ಮನೇ ನಿಂತು ಅಳೆದು ಕಟ್ಟಿಸಿಕೊಂಡ ಹಾಗಿತ್ತು. ದಿನಕ್ಕೆ ಇಪ್ಪತ್ತು ಸುತ್ತು, ಎರಡು ಕಿಲೋಮೀಟರ್, ಆಮೇಲೆ ಚೈತ್ರ ಡ್ಯೂಟಿಗೆ, ನಾನು ಮಿಲ್ಲಿಗೆ. ಇಪ್ಪತ್ತು ದಿನ ಹೀಗೇ ಹೋಯ್ತು. ನಾನೂರು ಸುತ್ತು ಅಂತ ಗೋಡೆ ಮೇಲೆ ಇದ್ದಿಲಲ್ಲಿ ಬರೆದೆ.

ಆಮೇಲೆ ಚೈತ್ರನಿಗೆ ಹುಚ್ಚು ಹಿಡೀತು. ದೊಡ್ಡ ಗಾಲಿ ತೆಗೆದು ಹಿಂದೆ ಮುಂದೆ ಎರಡಕ್ಕೂ ಹದಿನೇಳು ಇಂಚಿನ ಗಾಲಿ, ಅಗಲದ ರೋಡ್ ಟೈರು ಹಾಕಿಸ್ತಾಳಂತೆ. ಮೈ ಮಣ್ಣಿನ ಬೈಕಿಂದು, ಕಾಲು ಟಾರಿಂದು. ಅದಕ್ಕೆ ಸೂಪರ್‌ಮೋಟೋ ಅಂತ ಹೆಸರು. ಕುದುರೆಗೆ ಬಾತುಕೋಳಿ ಕಾಲು ಹಚ್ಚಿದ ಹಾಗೆ ಇರುತ್ತೆ ಅಂದೆ. "ಅಜ್ಜೀ, ತಿರುವಲ್ಲಿ ಬೆಣ್ಣೆ ಥರ ಮಲಗುತ್ತೆ" ಅಂದಳು. ಬೈಕು ಮಲಗೋದು ಒಳ್ಳೇದು ಅನ್ನೋದನ್ನ ನಾನು ಅವತ್ತೇ ಕೇಳಿದ್ದು.

ಗಾಲಿ ಚಿಕ್ಕದು ದೊಡ್ಡದು ಅಂದ ಕೂಡಲೇ ನನಗೆ ನಮ್ಮಪ್ಪನ ಎತ್ತಿನ ಗಾಡಿ ನೆನಪಾಗುತ್ತೆ. ಮರದ ಗಾಲಿಗೆ ಕಬ್ಬಿಣದ ಹಳಿ ಕೂರಿಸೋದನ್ನ ನೀವು ನೋಡಿರಲಿಕ್ಕಿಲ್ಲ. ಬೆರಣಿ ಬೆಂಕೀಲಿ ಹಳಿ ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಎತ್ತಿ ಗಾಲಿಗೆ ತೊಡಿಸಿ, ಬಿಂದಿಗೆ ಬಿಂದಿಗೆ ನೀರು ಸುರಿಯೋದು. ಊರಿನ ಮಕ್ಕಳೆಲ್ಲ ಆ ಹೊಗೇಲಿ ಕುಣೀತಿದ್ವಿ. ಒಂದು ಸಲ ಕಮ್ಮಾರ ಎಡಗಡೆ ಗಾಲಿಯ ಮರ ಜಾಸ್ತಿ ಕೆತ್ತಿಬಿಟ್ಟ, ಎರಡು ಬೆರಳು ಚಿಕ್ಕದಾಯ್ತು. ಅವತ್ತಿಂದ ಗಾಡಿ ಎಡಕ್ಕೇ ಎಳೀತಿತ್ತು. ಯಲಹಂಕ ಸಂತೆಗೆ ಹೋಗೋ ದಾರೀಲಿ ಎಡಗಡೆಗೆ ಹೆಂಡದಂಗಡಿ. "ನಾನೇನು ಮಾಡ್ಲಿ, ಗಾಡಿನೇ ತಿರುಗ್ತದೆ" ಅಂತಿದ್ದ ಅಪ್ಪ. ಅಮ್ಮ ಒಂದು ದಿನ ಕೇಳಿದಳು: "ವಾಪಸ್ ಬರುವಾಗ ಅದೇ ಅಂಗಡಿ ಬಲಗಡೆಗೆ ಬರ್ತದಲ್ಲ, ಆಗ ಎಂಗೆ ತಿರುಗ್ತು?" ಅಪ್ಪ ಎತ್ತಿನ ಕಡೆ ಕೈ ತೋರಿಸಿದ. ಇಂಥವನ ಮಗಳು ನಾನು, ಗಾಲಿ ವಿಷಯದಲ್ಲಿ ಎಚ್ಚರವಾಗಿರಬೇಕಿತ್ತು. ಇರಲಿಲ್ಲ, ಮುಂದೆ ಹೇಳ್ತೀನಿ.

ಗಾಲಿ ಬದಲಾಯಿಸಿದ್ದು ಯಲಹಂಕ ಹಳೇ ಟೌನಿನ ಚಾಂದ್ ಪಾಷಾ. ಅವನ ತಾಯಿಗೆ ಶುಗರ್ರು, ರಾಗಿ ಹಿಟ್ಟು ನಮ್ಮಲ್ಲಿಂದಲೇ ಹೋಗೋದು. ಹೊಸ ಗಾಲೀಲಿ ಎರಡು ದಿನ ಸುತ್ತಿದ ಮೇಲೆ ನಾನೇ ಚೈತ್ರನ ಹಿಂದೆ ಕೂತು ಅವನ ಅಂಗಡಿಗೆ ಹೋದೆ. ಯಾಕಂದ್ರೆ ಮೊದಲಿನಿಂದಲೂ ಈ ಬೈಕು ಗುಡಿ ಸುತ್ತ ನಡಿಗೆಯ ವೇಗದಲ್ಲಿ ಹೋಗೋದೇ ಇಲ್ಲ, ಗಾಲಿ ಬದಲಾಯಿಸಿದ್ರೂ ಅದೇ ಕಥೆ. ನಿಧಾನ ಮಾಡಿದ್ರೆ ಕೆಮ್ಮಿ ಆರಿಹೋಗುತ್ತೆ, ಬಿಟ್ರೆ ಜಿಗಿಯುತ್ತೆ. ಪ್ರತಿ ತಿರುವಲ್ಲೂ ನನ್ನ ಗಲ್ಲ ಚೈತ್ರನ ಹೆಲ್ಮೆಟ್ಟಿಗೆ ಹೊಡೀತಿತ್ತು.

ಚೈತ್ರ ಮೊದಲೇ ಬಾಯಿ ಹಾಕಿದಳು. "ಚಾಂದಣ್ಣ, ಹಿಂದೆ ಮೂವತ್ತಾರು ಹಲ್ಲಿಂದು ಹಾಕಿ. ಟೈರ್ ಚಿಕ್ಕದಾಗಿದೆ, ಈಗಿರೋ ನಲವತ್ತೇ ಇದ್ರೆ ಏರ್‌ಪೋರ್ಟ್ ರೋಡಲ್ಲಿ ಇಂಜಿನ್ ಬಾಯ್ ಬಡ್ಕೊಳುತ್ತೆ."

"ಮೂವತ್ತಾರು ಹಾಕಿದ್ರೆ ಏನಾಗ್ತದೆ?" ಅಂದೆ.

"ಸ್ಪೀಡ್ ಬರ್ತದೆ ಅಮ್ಮಾ" ಅಂದ ಚಾಂದ್ ಪಾಷಾ.

"ಜಾಸ್ತಿ ಹಾಕಿದ್ರೆ?"

"ಸ್ಪೀಡ್ ಕಮ್ಮಿ, ಎಳೆಯೋ ತಾಕತ್ತು ಜಾಸ್ತಿ."

ಅಷ್ಟು ಹೇಳಿದ್ದೇ ಸಾಕಾಯ್ತು. ಇದು ನಮ್ಮ ಮಿಲ್ಲೇ! ಮೋಟರಿನ ಪುಲ್ಲಿ ಚಿಕ್ಕದು, ಕಲ್ಲಿನ ಪುಲ್ಲಿ ದೊಡ್ಡದು. ಕಲ್ಲಿನ ಕಡೆ ಪುಲ್ಲಿ ದೊಡ್ಡದಾದಷ್ಟೂ ಕಲ್ಲು ನಿಧಾನವಾಗಿ ತಿರುಗುತ್ತೆ, ಹಿಟ್ಟು ತಣ್ಣಗಿರುತ್ತೆ. ಚಿಕ್ಕದು ಹಾಕಿ ಓಡಿಸಿದ್ರೆ ಹಿಟ್ಟು ಸೀದು ಮುದ್ದೆ ಕಹಿಯಾಗುತ್ತೆ. ಇವರಿಬ್ಬರೂ ಇಂಗ್ಲಿಷಲ್ಲಿ ಮಾತಾಡಿ ನನ್ನನ್ನ ಹೆದರಿಸ್ತಿದ್ರು, ಅಷ್ಟೇ.

"ಐವತ್ತು ಹಾಕು" ಅಂದೆ.

ಚಾಂದ್ ಪಾಷಾ ಸ್ಪ್ಯಾನರ್ ಕೆಳಗಿಟ್ಟ. "ಅಮ್ಮಾ, ಇಪ್ಪತ್ತೈದು ವರ್ಸ ಆಯ್ತು ನಾನು ಈ ಕೆಲ್ಸ ಮಾಡೋಕೆ ಶುರು ಮಾಡಿ. ಬರೋರೆಲ್ಲ ಸ್ಪೀಡ್ ಬೇಕು ಅಂತಾರೆ, ಇಲ್ಲ ವೀಲಿಂಗ್ ಬೇಕು ಅಂತಾರೆ. ದೇವರ್‌ನ ಸುತ್ತೋಕೆ ಸ್ಪ್ರಾಕೆಟ್ ಬೇಕು ಅಂತ ಯಾರೂ ಕೇಳಿಲ್ಲ, ಅಲ್ಲಾ ಕಸಂ."

"ಈಗ ನಾನು ಕೇಳ್ದೆ."

"ಅಜ್ಜೀ, ಐವತ್ತು ಹಾಕಿದ್ರೆ ನಾನು ಡ್ಯೂಟಿಗೆ ಹೆಂಗ್ ಹೋಗ್ಲಿ? ಆಟೋದವ್ರು ಓವರ್‌ಟೇಕ್ ಮಾಡಿ ಟಾಟಾ ಮಾಡ್ತಾರೆ!"

"ನೀನೂ ಮಾಡು. ಕಣ್ಣು ನಂದು, ಬೀಗದ ಕೈ ನಂದು. ಅರಕೆ ಮುಗಿಯೋತನಕ ಐವತ್ತು, ಆಮೇಲೆ ಮೂವತ್ತಾರು ಆಕ್ಸ್‌ಕೊಂಡು ಚಂದ್ರಲೋಕಕ್ಕೆ ಓಗು."

ಚೈತ್ರ ಮುಖ ಊದಿಸಿಕೊಂಡು ಟೈರಿನ ರಾಶಿ ಮೇಲೆ ಕೂತಳು. ಚಾಂದ್ ಪಾಷಾ ಚೈನಿಗೆ ಆರು ಕೊಂಡಿ ಸೇರಿಸಿ, ಎಲ್ಲಿಂದಲೋ ಐವತ್ತು ಹಲ್ಲಿನ ಚಕ್ರ ತಂದ. ನಾನು ಸಾಮಾನನ್ನ ಎಣಿಸದೆ ತಗೊಳ್ಳೋಳಲ್ಲ. ತೊಡೆ ಮೇಲೆ ಇಟ್ಕೊಂಡು ಒಂದೊಂದೇ ಹಲ್ಲು ಮುಟ್ಟಿ ಎಣಿಸಿದೆ. ನಲವತ್ತೊಂಬತ್ತು.

"ಒಂದಲ್ಲು ಕಮ್ಮಿ ಅದೆ."

ಅವನು ಎಣಿಸಿದ, ಐವತ್ತು. ಚೈತ್ರ ಎಣಿಸಿದಳು, ಐವತ್ತು. ನಾನು ಇನ್ನೊಂದು ಸಲ, ನಲವತ್ತೊಂಬತ್ತು. "ನೀವಿಬ್ರೂ ಸೇರ್ಕೊಂಡಿದ್ದೀರಿ" ಅಂದೆ. ಜಗಳ ಬೀದಿಗೆ ಕೇಳಿಸಿ, ಎದುರಿನ ಬೇಕರಿಯವನೂ ಬಂದು ಎಣಿಸಿದ. ಐವತ್ತಂತೆ. ಅವನೂ ಸೇರ್ಕೊಂಡ. ಕೊನೆಗೆ ಚಾಂದ್ ಪಾಷಾ ಕೈ ಮುಗಿದು, "ನಲವತ್ತೊಂಬತ್ತೇ ಅಮ್ಮಾ, ನಿಮ್ ಮಾತೇ ಸರಿ. ಹಾಕ್ಲಾ?" ಅಂದ. ಹಾಕು ಅಂದೆ. ಅವತ್ತಿಂದ ಅವನ ಕಡೆ ಸ್ವಲ್ಪ ಅನುಮಾನದಿಂದಲೇ ನೋಡ್ತಿದ್ದೆ.

ಮಾರನೆ ಬೆಳಿಗ್ಗೆ ಗುಡಿ ಮುಂದೆ. ಶುಕ್ರವಾರ ಬೇರೆ, ಹೆಂಗಸರು ತುಂಬಿದ್ರು. ಅದರಲ್ಲಿ ನನ್ನ ವಾರಗಿತ್ತಿ ಪುಟ್ಟಮ್ಮನೂ ಇದ್ದಳು, ನನ್ನ ಮೈದುನನ ಹೆಂಡತಿ. ನಾನು ಬೈಕು ಹತ್ತೋದನ್ನ ನೋಡಿ ದಿನಾ ಒಂದು ಮಾತು ಅನ್ನದೆ ಅವಳಿಗೆ ಕಾಫಿ ಇಳಿಯಲ್ಲ. "ಏನಕ್ಕಯ್ಯ, ಇವತ್ತೂ ಸವಾರೀನಾ? ದೇವ್ರು ಗುಡೀಲವ್ಳೆ, ಓಡೋಗಲ್ಲ, ನಿಧಾನ್ವಾಗಿ ಓಗು" ಅಂದಳು.

ಐವತ್ತು ಹಲ್ಲಿಗೆ ಎಷ್ಟು ತಾಕತ್ತು ಅಂತ ಚೈತ್ರನಿಗೆ ಅಂದಾಜಿರಲಿಲ್ಲ. ದಿನಾ ಬಿಡೋ ಹಾಗೆ ಕ್ಲಚ್ ಬಿಟ್ಟಳು. ಮುಂದಿನ ಗಾಲಿ ಎದ್ದು ಆಕಾಶ ನೋಡ್ತು. ನಾನು ಹಿಂದಕ್ಕೆ ಜಾರಿ, ಕೈಗೆ ಸಿಕ್ಕಿದ್ದನ್ನ ಹಿಡ್ಕೊಂಡೆ. ಸಿಕ್ಕಿದ್ದು ಚೈತ್ರನ ಜಡೆ. ಅವಳು ಕಿರುಚಿದಳು, ನಾನು "ತಾಯೇ! ಮಾರಮ್ಮಾ!" ಅಂತ ಕೂಗಿದೆ. ನನ್ನ ತುರುಬು ಬಿಚ್ಚಿ ಕೂದಲು ಮುಖದ ಮೇಲೆ ಬಂತು. ಒಂದೇ ಗಾಲೀಲಿ ಗುಡಿಯ ಮುಕ್ಕಾಲು ಭಾಗ ಸುತ್ತಿ ನೀರಿನ ಟ್ಯಾಂಕಿನ ಹತ್ತಿರ ಇಳಿದ್ವಿ.

ಹೆಂಗಸರೆಲ್ಲ ಕೈ ಮುಗಿದು ನಿಂತಿದ್ರು. ಯಾರೋ ಬೇವಿನ ಸೊಪ್ಪು ತಂದು ನನ್ನ ಕೈಗೆ ತುರುಕಿದ್ರು, ಇನ್ಯಾರೋ ಕಾಲಿಗೆ ನೀರು ಹಾಕಿದ್ರು. ನನ್ನ ಮೈ ಮೇಲೆ ಅಮ್ಮ ಬಂದಿದ್ದಾಳಂತೆ! ಪುಟ್ಟಮ್ಮ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದಳು.

"ಅಮ್ಮಾ, ತಾಯೀ, ನನ್ನ ಮೂಗುಬೊಟ್ಟು ಕಳ್ದೋಗಿ ತಿಂಗ್ಳಾಯ್ತು. ಎಲ್ಲೈತೆ ಏಳವ್ವ!"

ನನಗೆ ಸೊಂಟ ಉಳುಕಿತ್ತು, ಕಾಲು ಸುಟ್ಟಿತ್ತು. "ಅಕ್ಕಿ ಡಬ್ಬ ನೋಡ್ಕೋ ಓಗೆ, ಮುಂಡೇದೇ!" ಅಂದೆ. ಅವಳು ಏನಿದ್ರೂ ಅಕ್ಕಿ ಡಬ್ಬದಲ್ಲೇ ಬಚ್ಚಿಡೋದು, ಬಚ್ಚಿಟ್ಟು ಮರೆಯೋದು. ಇದು ಊರಿಗೇ ಗೊತ್ತು. ಹೋಗಿ ನೋಡಿದಳು. ಇತ್ತು.

ಅವತ್ತಿಂದ ಪುಟ್ಟಮ್ಮ ನನ್ನ ಮುಂದೆ ಬಾಯಿ ಬಿಡೋದು ಬಿಟ್ಟಳು. ನಲವತ್ತೈದು ವರ್ಷದಲ್ಲಿ ಆಗದೆ ಇದ್ದದ್ದು ಐವತ್ತು ಹಲ್ಲಿನಿಂದ ಆಯ್ತು.

ಚೈತ್ರ ಕ್ಲಚ್ಚಿನ ಹದ ಕಲಿತಳು. ಆಮೇಲೆ ಬೈಕು ಬಸುರಿ ಹೆಂಗಸಿನ ಹಾಗೆ ಗುಡಿ ಸುತ್ತ ಹೋಗ್ತಿತ್ತು, ಚೆಂದ. ಒಂದು ಮಾತ್ರ ನನಗೆ ಕಾಣಿಸಿತ್ತು. ಇಪ್ಪತ್ತು ಸುತ್ತು ಮೊದಲಿಗಿಂತ ಬೇಗ ಮುಗೀತಿದೆ. ಮೀಟರ್ ನೋಡಿದ್ರೆ ಸರಿಯಾಗಿ ಎರಡು ಕಿಲೋಮೀಟರ್. ಅಮ್ಮನಿಗೆ ನನ್ನ ಮೇಲೆ ಕರುಣೆ ಬಂದಿದೆ, ದಾರಿ ಹತ್ತಿರ ಮಾಡ್ತಿದ್ದಾಳೆ ಅಂದ್ಕೊಂಡೆ. ಮೂವತ್ತು ವರ್ಷ ತಕ್ಕಡಿ ಹಿಡಿದವಳು ಹಾಗೆ ಅಂದ್ಕೊಂಡೆ ನೋಡಿ. ಎದುರಿನವರು ಹೀಗೆ ಅಂದಿದ್ರೆ ನಾನೇ ನಗ್ತಿದ್ದೆ.

ಆಪರೇಷನ್ನಿಗೆ ಮೂರು ದಿನ ಮುಂಚೆ, ಶುಕ್ರವಾರ ಸಾವಿರ ಮುಗೀತು. ತಂಬಿಟ್ಟಿನ ಆರತಿ, ಹೆಸರುಬೇಳೆ ಪಾಯಸ, ಊರಿನ ಅರ್ಧ ಜನಕ್ಕೆ ಊಟ. ಪುಟ್ಟಮ್ಮ ಮೂರು ಸಲ ಬಡಿಸಿಕೊಂಡು ತೇಗಿದಳು. ಸೋಮವಾರ ಹನ್ನೊಂದು ಗಂಟೆಗೆ ಎಡಗಣ್ಣಿನ ಆಪರೇಷನ್. ಭಾನುವಾರ ಚೈತ್ರ ಮೂವತ್ತಾರು ಹಾಕಿಸೋಕೆ ಯಲಹಂಕಕ್ಕೆ ಹೊರಟಳು. ಬಿಚ್ಚಿದ ಚಕ್ರ ನನಗೆ ಬೇಕು ಅಂತ ನಾನೂ ಹಿಂದೆ ಕೂತೆ.

ಹೋಗ್ತಾ ಅವಳ ಭುಜದ ಮೇಲಿಂದ ಮೀಟರ್ ನೋಡಿದೆ. ಬಲಗಣ್ಣು ಬಂದಾಗಿನಿಂದ ಎಲ್ಲಿ ಅಂಕಿ ಕಂಡ್ರೂ ಓದೋದು ನನಗೆ ಅಭ್ಯಾಸ. ಬಸ್ಸಿನ ನಂಬರು, ಮನೆ ನಂಬರು, ಎಲ್ಲ. ನಮ್ಮ ಗೇಟಿಂದ ಚಾಂದ್ ಪಾಷಾನ ಅಂಗಡಿಗೆ ಹತ್ತು ಕಿಲೋಮೀಟರ್, ದೊಡ್ಡ ಗಾಲಿ ಇದ್ದಾಗ ಓದಿದ್ದು ಚೆನ್ನಾಗಿ ನೆನಪಿತ್ತು. ಐವತ್ತು ಹಾಕಿಸೋಕೆ ಹೋದಾಗ ಸಿಟ್ಟಿನಲ್ಲಿ ನೋಡಿರಲಿಲ್ಲ. ಅವತ್ತು ಹನ್ನೆರಡಕ್ಕೆ ಒಂದು ಚೂರು ಕಮ್ಮಿ.

"ಚೈತ್ರಾ, ಯಲಹಂಕ ದೂರ ಓಗೈತೆ ಕಣೆ."

"ಊರು ಎಲ್ಲಿಗ್ ಹೋಗುತ್ತಜ್ಜಿ? ರೋಡ್ ಕೆಲಸ ನಡೀತಿದೆ, ಸುತ್ತಾಕ್ಕೊಂಡ್ ಬಂದ್ವೇನೋ."

"ಸುತ್ತಾಕ್ಲಿಲ್ಲ. ಅದೇ ದಾರಿ, ಅದೇ ಗುಂಡಿ. ಗುಂಡಿ ಎಣಿಸ್ಕೊಂಡೇ ಬಂದಿದ್ದೀನಿ."

ಚಾಂದ್ ಪಾಷಾನ ಕೇಳಿದೆ. ಅವನಿಗೆ ಅದು ದೊಡ್ಡ ವಿಷಯವೇ ಅಲ್ಲ. "ಮೀಟರ್ ಮುಂದಿನ್ ಗಾಲಿ ಎಷ್ಟ್ ಸಲ ತಿರುಗ್ತು ಅಂತ ಎಣಿಸ್ತದೆ ಅಮ್ಮಾ. ನೆಲ ಎಷ್ಟ್ ಹೋಯ್ತು ಅಂತ ಅದಕ್ಕೇನ್ ಗೊತ್ತು? ದೊಡ್ ಗಾಲಿ ಹತ್ತು ಸಲ ತಿರುಗೋ ಕಡೆ ಚಿಕ್ ಗಾಲಿ ಹನ್ನೆರಡು ಸಲ ತಿರುಗ್ತದೆ. ಗಾಲಿ ಚೇಂಜ್ ಮಾಡಿದ್ರೆ ಮೀಟರ್ ಜಾಸ್ತಿ ತೋರಿಸೋದೇ. ನೂರಕ್ಕೆ ಹದಿನಾರು ಸುಳ್ಳು."

ಚಿಕ್ಕ ಪುಲ್ಲಿ ಜಾಸ್ತಿ ತಿರುಗುತ್ತೆ, ಇದು ನನಗೆ ಗೊತ್ತಿಲ್ಲದ್ದಾ? ಚೈತ್ರ ಆಗಲೇ ಮೊಬೈಲಲ್ಲಿ ಒತ್ತುತಾ ಇದ್ದಳು. ಅವಳ ಮುಖ ಸಣ್ಣಗಾಯ್ತು. ಚಿಕ್ಕ ಗಾಲೀಲಿ ಹೊಡೆದದ್ದು ಆರುನೂರು ಸುತ್ತು ಅಂತ ಲೆಕ್ಕ. ನಿಜವಾಗಿ ಹೊಡೆದದ್ದು ಐನೂರ ನಾಲ್ಕು. "ತೊಂಬತ್ತಾರು ಕಮ್ಮಿ ಅಜ್ಜಿ" ಅಂದಳು.

ತೊಂಬತ್ತಾರು! ಆರತಿ ಎತ್ತಿದ್ದಾಯ್ತು, ಊರು ಉಂಡಾಯ್ತು, ಪುಟ್ಟಮ್ಮ ತೇಗಿದ್ದೂ ಆಯ್ತು. ಮಾರಮ್ಮನ ಅಳತೇಲಿ ನಾನು ಕಮ್ಮಿ ಕೊಟ್ಟು ಕೂತಿದ್ದೀನಿ. ನಾಳೆ ಕಣ್ಣು.

ಚಾಂದ್ ಪಾಷಾ ಮೂವತ್ತಾರರ ಚಕ್ರ ಕೈಲಿ ಹಿಡ್ಕೊಂಡು ನಿಂತಿದ್ದ. "ಅದನ್ನ ಒಳಗಿಡು, ಐವತ್ತೇ ಇರ್ಲಿ" ಅಂದೆ. "ನಲವತ್ತೊಂಬತ್ತಲ್ವಾ ಅಮ್ಮಾ?" ಅಂದ. ನಗೋಕೆ ಅವನಿಗೆ ಅದೇ ಹೊತ್ತು ಸಿಕ್ಕಿದ್ದು.

ವಾಪಸ್ ಬರ್ತಾ ಗುಡೀಲಿ ಇಳಿದು ನಂಜಪ್ಪನಿಗೆ ಹೇಳಿದೆ. "ಬಿಡಮ್ಮ, ಅಮ್ಮ ಒಪ್ಕೊಂಡಾಯ್ತು" ಅಂದ.

"ಪಾಯಸ ಕುಡ್ದು ನೀನು ಒಪ್ಕೊಂಡೆ. ಅವಳನ್ನ ಕೇಳ್ದೆಯಾ?"

ಆದ್ರೂ ಮನಸ್ಸು ಸುಮ್ಮನಿರುತ್ತಾ, ಚೌಕಾಸಿಗೆ ಇಳೀತು. ಅವಳು ಕೊಟ್ಟ ಬಲಗಣ್ಣೇನು ಪೂರ್ತಿನಾ? ಸೂಜಿಗೆ ದಾರ ಇವತ್ತಿಗೂ ಹೋಗಲ್ಲ. ನೂರಕ್ಕೆ ತೊಂಬತ್ತು ಅಂತ ಇಟ್ಕೊಳ್ಳಿ. ಅವಳದು ಹತ್ತು ಕಮ್ಮಿ, ನಂದ್ಯಾಕೆ ಪೂರ್ತಿ ಇರಬೇಕು? ಇಷ್ಟು ಯೋಚನೆ ಮಾಡಿ ನನಗೇ ನಾಚಿಕೆಯಾಯ್ತು. ಗಿರಾಕಿ ಕಲ್ಲು ಬೆರೆತ ರಾಗಿ ತಂದ ಅಂತ ನಾನು ಹಿಟ್ಟು ಕಮ್ಮಿ ಕೊಟ್ಟಿದ್ದೀನಾ ಯಾವತ್ತಾದ್ರೂ?

ಪುಟ್ಟಮ್ಮನ ಮನೆಗೆ ಹೋದೆ. "ನಾಳೆ ಐದೂವರೆಗೆ ಗುಡಿ ಕಟ್ಟೆಗೆ ಬಾ. ಬೀಜ ಎಣಿಸ್ಬೇಕು" ಅಂದೆ. ಯಾಕೆ ಏನು ಅಂತ ಕೇಳಲಿಲ್ಲ. ಮೂಗುಬೊಟ್ಟು ಮುಟ್ಟಿ ನೋಡಿಕೊಂಡು "ಆಗ್ಲಮ್ಮ" ಅಂದಳು. ಅಕ್ಕಯ್ಯ ಅಂತಿದ್ದೋಳು ಅಮ್ಮ ಅಂದುಬಿಟ್ಟಳು. ತಿದ್ದೋಕೆ ಹೋಗಲಿಲ್ಲ.

ಸಂಜೆ ಕೂತು ಹುಣಸೆ ಬೀಜ ತೊಂಬತ್ತಾರು ಎಣಿಸಿ ಚೀಲಕ್ಕೆ ಹಾಕಿದೆ.

ಸೋಮವಾರ ಐದೂವರೆ. ಚೈತ್ರ ಮೀಟರಿನ ಮೇಲೆ ನನ್ನ ಹಳೇ ರವಿಕೆ ಬಟ್ಟೆ ಕಟ್ಟಿದಳು, ಆ ಸುಳ್ಳನ್ನ ಯಾರೂ ನೋಡೋದು ಬೇಡ ಅಂತ. ಪುಟ್ಟಮ್ಮ ಕಟ್ಟೆ ಮೇಲೆ ಕಂಬಳಿ ಹೊದ್ದು ಕೂತಳು, ಈ ಕಡೆ ಬೀಜದ ಚೀಲ, ಆ ಕಡೆ ಖಾಲಿ ಸೇರು. ನಾವು ಒಂದು ಸಲ ಅವಳ ಮುಂದೆ ಹಾದು ಹೋದ್ರೆ ಒಂದು ಬೀಜ ಸೇರಿಗೆ. ಇಪ್ಪತ್ತು ಸುತ್ತಿಗೆ ಮೀನಖಂಡ ಸುಟ್ಟಿತು, ನಲವತ್ತಕ್ಕೆ ಸೊಂಟ, ಅರವತ್ತಕ್ಕೆ ನನಗೆ ಸೊಂಟ ಇದೆ ಅನ್ನೋದೇ ಮರೆತುಹೋಯ್ತು. ಅಂಗನವಾಡಿಯ ನಾಯಿ ಮೊದಮೊದಲು ಬೊಗಳ್ತಿತ್ತು, ಆಮೇಲೆ ಅದೂ ಮಲಗಿತು. ಚೈತ್ರ ಮಾತ್ರ ಒಂದು ಸಲವೂ ಗೊಣಗಲಿಲ್ಲ. ಒಂದು ಸಲ ಹಿಂದೆ ತಿರುಗಿ, "ಅಜ್ಜೀ, ಬೀಗದ ಕೈ ಚುಚ್ತಿದೆ ನನ್ನ ಬೆನ್ನಿಗೆ" ಅಂದಳು. ಚುಚ್ಚಲಿ ಅಂದೆ.

ಕೊನೆಗೆ ಚೈತ್ರ "ಇದು ತೊಂಬತ್ತಾರು" ಅಂತ ನಿಲ್ಲಿಸಿದಳು. ಅವಳೂ ಮನಸ್ಸಲ್ಲೇ ಎಣಿಸಿಕೊಂಡಿದ್ದಳು. ಪುಟ್ಟಮ್ಮನ ಚೀಲದಲ್ಲಿ ನೋಡಿದ್ರೆ ಮೂರು ಬೀಜ ಇನ್ನೂ ಇದೆ.

"ನಿದ್ದೆ ಒಡೆದ್ಯಾ?" ಅಂದೆ.

"ಇಲ್ಲಮ್ಮ, ಕಣ್ ಮುಚ್ಕೊಂಡಿದ್ದೆ. ಭಕ್ತಿಗೆ."

ಚೈತ್ರ ಹಣೆ ಚಚ್ಚಿಕೊಂಡಳು. ಅವಳ ಲೆಕ್ಕ ಸರಿ ಇರಬಹುದು, ಪುಟ್ಟಮ್ಮನದೇ ಸರಿ ಇರಬಹುದು. ಬೈಕು ಹತ್ತು ಅಂತ ಚೈತ್ರನ ಕೈಲಿ ಮತ್ತೆ ಕಿಕ್ ಹೊಡೆಸಿದೆ, ಇನ್ನೂ ಮೂರು ಸುತ್ತು. ಹೆಚ್ಚಾದ್ರೆ ಅದು ಕೊಸರು. ಮಾರಮ್ಮನಿಗೆ ನಾನು ಕೊಸರೂ ಹಾಕಿದ್ದೀನಿ, ಇನ್ನು ಅವಳ ಇಷ್ಟ.

ಹನ್ನೊಂದಕ್ಕೆ ಆಸ್ಪತ್ರೆ. ಮೇಜಿನ ಮೇಲೆ ಮಲಗಿಸಿದಾಗ ಡಾಕ್ಟರಮ್ಮ, "ಅಜ್ಜಿ, ಕಾಲಿಗೇನಾಗಿದೆ, ಸುಟ್ಟಿದೆಯಲ್ಲ?" ಅಂದ್ರು. ಹರಕೆ ಅಂದೆ. ಕೆಂಡ ತುಳಿದ್ರಾ ಅಂದ್ರು. ಇಲ್ಲ, ಸೈಲೆನ್ಸರ್ ಅಂದೆ. ಮಧ್ಯಾಹ್ನ ಕಣ್ಣಿಗೆ ಪಟ್ಟಿ ಕಟ್ಟಿ ಮನೆಗೆ ಕಳಿಸಿದ್ರು. ಚೈತ್ರ ಆ ಸಂಜೆಯೇ ಯಲಹಂಕಕ್ಕೆ ಹೋಗಿ ಮೂವತ್ತಾರು ಹಾಕಿಸಿಕೊಂಡು, ಬಿಚ್ಚಿದ ಚಕ್ರ ತೊಳೆದು ನನ್ನ ತಲೆದಿಂಬಿನ ಪಕ್ಕ ಇಟ್ಟಳು.

ಮಾರನೆ ದಿನ ಬೆಳಿಗ್ಗೆ ಆಸ್ಪತ್ರೇಲಿ ಪಟ್ಟಿ ಬಿಚ್ಚಿದ್ರು. ಗೋಡೆ ಮೇಲಿನ ಅಕ್ಷರ ಓದು ಅಂದ್ರು, ಕೊನೇ ಸಾಲಿನ ಅಂಕಿತನಕ ಓದಿದೆ. ಒಂದು ತಿಂಗಳು ಹಿಟ್ಟಿನ ಧೂಳಿಗೆ ಹೋಗಬಾರದು ಅಂದ್ರು. ಲಕ್ಷ್ಮಿ ನನ್ನ ಸೊಂಟದ ಕಡೆ ನೋಡಿದಳು, ಕೈ ಚಾಚಲಿಲ್ಲ. ಮನೆಗೆ ಬಂದು ಎರಡು ಕಣ್ಣೂ ಬಿಟ್ಕೊಂಡು ಚಕ್ರದ ಹಲ್ಲು ಎಣಿಸಿದೆ. ಐವತ್ತು. ಸುಣ್ಣದ ಗುರುತು ಹಾಕಿ ಮತ್ತೆ ಎಣಿಸಿದೆ. ಐವತ್ತೇ. ಚಾಂದ್ ಪಾಷಾನಿಗೆ ಹೇಳೋಕೆ ಹೋಗಲಿಲ್ಲ, ಅವನ ತಾಯಿಗೆ ಎರಡು ಸೇರು ಹಿಟ್ಟು ಕಳಿಸು ಅಂತ ಲಕ್ಷ್ಮಿಗೆ ಅಂದೆ, ಅಷ್ಟೆ. ಆಮೇಲೆ ಸೇರಿನಿಂದ ವಾಪಸ್ ತುಂಬಿಸಿಟ್ಟ ಹುಣಸೆ ಬೀಜದ ಚೀಲ ಕಣ್ಣಿಗೆ ಬಿತ್ತು. ಅದನ್ನೂ ಒಂದೇ ಕಣ್ಣಲ್ಲಿ ಎಣಿಸಿ ಹಾಕಿದ್ದು ನಾನೇ ತಾನೆ. ಬಿಚ್ಚಿ ಎಣಿಸಲಿಲ್ಲ. ಬಾಣಲೆಗೆ ಸುರಿದು, ಸಿಪ್ಪೆ ಸಿಡಿಯೋತನಕ ಹುರಿದು, ಹಲ್ಲಿಲ್ಲದ ಪುಟ್ಟಮ್ಮನಿಗೆ ಒಂದು ಹಿಡಿ ಕಳಿಸಿ, ಮಿಕ್ಕಿದ್ದನ್ನ ನಾನು ತಿಂದೆ.